ಸರ್ದಾರ್ ಪಾಷಾ ಬಡಿದ ಮಡ್‌ಗಾರ್ಡು

ಸರ್ದಾರ್ ಪಾಷಾ ತಗಡು ಬಡಿಯುತ್ತಿದ್ದ. ಕಂಠಪ್ಪ ಎತ್ತಿನ ಗಾಡಿ ಮಾಡುತ್ತಿದ್ದ. ಹುಣಸೂರಿನಲ್ಲಿ ಇಬ್ಬರ ಅಂಗಳಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಕೊಡಗಿನ ತೋಟದ ದೊರೆಯೊಬ್ಬ ಬಿಸಾಕಿದ ಕಾರನ್ನು ಇಬ್ಬರೂ ಸೇರಿ ತಂದು, ಹಿಂಭಾಗ ಕೊಯ್ದು, ಮೂಟೆ ಹೇರುವ ಸಣ್ಣ ಲಾರಿ ಮಾಡಲು ಕೂತಿದ್ದರು. ಮರದ ತೊಟ್ಟಿ ಕಂಠಪ್ಪನದು, ತಗಡಿನ ಮೈ ಪಾಷಾನದು. ಯುದ್ಧದ ಕಾಲ, ಹೊಸ ತಗಡು ಕಣ್ಣಿಗೂ ಕಾಣುತ್ತಿರಲಿಲ್ಲ. ಪಾಷಾ ಎಣ್ಣೆ ಪೀಪಾಯಿ ಸೀಳಿ, ಚಪ್ಪಟೆ ಮಾಡಿ, ಹಿಂದಿನ ಚಕ್ರಗಳಿಗೆ ಮಡ್‌ಗಾರ್ಡು ಬಡಿದ. ಅಂಚಿನೊಳಗೆ ತಂತಿ ಇಟ್ಟು ಸುರುಳಿ ಸುತ್ತಿದ್ದ. ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಅವನ್ನು ಕೂರಿಸುವ ಮೊದಲೇ ಜ್ವರ ಬಂದು ಸತ್ತ.

ಜನಾಜಕ್ಕೆ ಹೆಗಲು ಕೊಟ್ಟು ಬಂದ ಕಂಠಪ್ಪ, "ಅವನ ಕೆಲಸಕ್ಕೆ ಇನ್ನೊಬ್ಬನ ಉಳಿ ಸೋಕ್ಸಲ್ಲ" ಎಂದು ಎಲ್ಲರೆದುರು ಹೇಳಿಬಿಟ್ಟ. ಲಾರಿಯಲ್ಲಿ ಅರ್ಧ ಈಗ ಪಾಷಾನ ಹೆಂಡತಿ ಅಜ್ಮತುನ್ನೀಸಾಳದು. ಅದು ಓಡಿದರೆ ಅವಳ ಒಲೆ ಉರಿಯಬೇಕು.

ಕಂಠಪ್ಪ ಮಡ್‌ಗಾರ್ಡುಗಳನ್ನು ತಾನೇ ಕೂರಿಸಿದ. ಚಕ್ರಕ್ಕೂ ಅಂಚಿಗೂ ನಡುವೆ ಒಂದು ಬೆರಳು ಸಂದು. ನೋಡಲು ಕಣ್ತುಂಬುವಂತಿತ್ತು.

ಡ್ರೈವರ್ ದೇವಯ್ಯ ಬಿಳಿಕೆರೆಗೆ ಹೋಗುವ ರಾಗಿ ಮೂಟೆ ಹೇರಿ ಹೊರಟ. ಬೀದಿ ತುದಿ ಮುಟ್ಟುವಷ್ಟರಲ್ಲಿ ಕರಕರ ಸದ್ದು, ಸುಟ್ಟ ರಬ್ಬರಿನ ನಾತ. ಇಳಿದು ನೋಡಿದರೆ ಟೈರು ಎರಡೂ ಕಡೆ ಅಂಚಿಗೆ ಉಜ್ಜುತ್ತಿತ್ತು. ಎತ್ತಿನ ಗಾಡಿಗೆ ಎಷ್ಟು ಹೇರಿದರೂ ತೊಟ್ಟಿ ಕೆಳಗಿಳಿಯುವುದಿಲ್ಲ. ಕಾರಿಗೆ ಸ್ಪ್ರಿಂಗ್ ಇದೆ; ಹೇರಿದಂತೆ ಕುಸಿಯುತ್ತದೆ. ಜನ್ಮವೆಲ್ಲ ಎತ್ತಿನ ಗಾಡಿ ನೋಡಿದ ಕಂಠಪ್ಪನಿಗೂ ಪಾಷಾನಿಗೂ ಅದು ಹೊಳೆದಿರಲಿಲ್ಲ.

"ಎರಡು ಬೆರಳು ಅಂಚು ಕತ್ತರಿಸ್ ಬುಡಣ್ಣ" ಎಂದ ದೇವಯ್ಯ, ಹಿಂದೆಯೇ ಓಡಿ ಬಂದ ಕಂಠಪ್ಪನಿಗೆ.

"ಮುಟ್ಟು ನೋಡಾನ. ಕೈ ಮುರೀತೀನಿ ಕಣ್ಲಾ."

"ಅಂಗಾದ್ರೆ ಖಾಲಿ ಲಾರಿಯ ಮೆರವಣಿಗೆ ಮಾಡ್ಸು, ವಾಲಗದೋರ್ಗೆ ನಾನೇ ಏಳ್ತೀನಿ."

ಮೂಟೆ ಇಳಿಸಿ ಲಾರಿಯನ್ನು ಅಂಗಳಕ್ಕೆ ತಳ್ಳಿ ತಂದರು. ಮಡ್‌ಗಾರ್ಡನ್ನು ಮೇಲಕ್ಕೆ ಸರಿಸೋಣವೆಂದರೆ ತೊಟ್ಟಿಯ ತೊಲೆ ಅಡ್ಡ. ಕಂಠಪ್ಪ ಸುತ್ತಿಗೆ ಎಸೆದ. ದೇವಯ್ಯನನ್ನು ಬೈದ, ತೋಟದ ದೊರೆಯನ್ನು ಬೈದ, ಕೊನೆಗೆ ಸತ್ತ ಪಾಷಾನನ್ನೂ ಬೈದ. "ನನ್ ಕೈಲಿ ಅಂಥಾ ಮಾತು ಆಡ್ಸಿ ಒಂಟೋದ್ಯಲ್ಲೋ!"

ಗೋಡೆಯಾಚೆ ಬಾಗಿಲು ಕಿರುಗುಟ್ಟಿತು. ಗಂಡ ಸತ್ತ ಮೇಲೆ ಹೆಂಡತಿ ಆಚರಿಸುವ ಇದ್ದತ್ತಿನ ದಿನಗಳು. ಅಜ್ಮತುನ್ನೀಸಾ ಹೊರಗೆ ಬರುವಂತಿರಲಿಲ್ಲ. ಕಂಠಪ್ಪ ಅವಳ ಬಾಗಿಲಿಗೆ ಹೋಗಿ, ಗೋಣಿ ಪರದೆಯ ಈಚೆ ನಿಂತ.

"ಅಣ್ಣಾ, ಎಲ್ಲಾ ಕೇಳಿಸ್ತು" ಎಂದಿತು ಒಳಗಿನ ದನಿ. "ಜನ ಸೋರೋ ಬಿಂದಿಗೆ ತಂದಾಗ, ಅದನ್ನ ಮಾಡಿದವನು ಬದುಕವ್ನೋ ಸತ್ತವ್ನೋ ಅಂತ ನಮ್ಮನೆಯೋರು ಕೇಳಿದ್ದುಂಟಾ? ತಳ ಕತ್ತರಿಸಿ ಬಿಸಾಕ್ತಿದ್ರು."

"ಅದು ಬಿಂದಿಗೆ ಕಣಮ್ಮಾ."

"ಇದು ಲಾರಿ. ಗೋರಿ ಅಲ್ಲ."

ಒಳಗೆ ಪೆಟ್ಟಿಗೆ ತೆಗೆದ ಸದ್ದು. ಪರದೆಯ ಕೆಳಗಿಂದ ಪಾಷಾನ ತಗಡು ಕತ್ತರಿ ಮೆಲ್ಲಗೆ ಹೊರಬಂತು. ಹಿಡಿಗೆ ಸುತ್ತಿದ ಬಟ್ಟೆ ಅವನ ಕೈಬೆವರಿಗೆ ಕಪ್ಪಾಗಿತ್ತು.

"ಉಳಿ ಸೋಕ್ಸಲ್ಲ ಅಂದಿದ್ರಿ. ಇದು ಅವರದೇ ಕತ್ತರಿ" ಎಂದಳು ಅವಳು. "ಕತ್ತರಿಸಿದ ಚೂರು ಮಾತ್ರ ನಂಗೆ ಕೊಡಿ."

ಕಂಠಪ್ಪ ಚಕ್ರದ ಪಕ್ಕ ಮಂಡಿಯೂರಿ ಕತ್ತರಿಸಿದ. ಮರಗೆಲಸದ ಕೈಗೆ ತಗಡು ಬಗ್ಗಲಿಲ್ಲ. ಅಂಚು ಹಾವಿನಂತೆ ಡೊಂಕಾಯಿತು. ತಂತಿ ಸುತ್ತಲು ಹೋಗಿ ಬೆರಳು ಕುಯ್ದುಕೊಂಡ. ಸುರುಳಿ ಅಂಚಿನ ಚೂರನ್ನು ಪಂಚೆಯಲ್ಲಿ ಒರೆಸಿ ಪರದೆಯ ಕೆಳಗೆ ಇಟ್ಟು ಬಂದ.

ದೇವಯ್ಯ ಬಗ್ಗಿ ನೋಡಿ, "ಡೊಂಕಾಯ್ತಲ್ಲಣ್ಣ" ಎಂದ.

"ಆಗ್ಲಿ. ಡೊಂಕು ನಂದು, ಮಿಕ್ಕಿದ್ದು ಅವನ್ದು. ಮೂಟೆ ತರ್ಸು" ಎಂದ ಕಂಠಪ್ಪ, ಕತ್ತರಿ ಹಿಡಿದು ಆಚೆ ಬದಿಯ ಚಕ್ರಕ್ಕೆ ಹೋದ.