ಗೇಟಿನ ಬಳಿ ಕಾಯುತ್ತಿರುತ್ತೇನೆ

ಮಣ್ಣಾದ ಐದನೇ ದಿನದ ಊಟ ಮುಗಿದಿತ್ತು. ನೆಂಟರು ಟ್ರಕ್ಕು, ದೋಣಿ ಹತ್ತಿ ಹೋಗಿದ್ದರು. ಮಂಗಳವಾರ ಬೆಳಿಗ್ಗೆ ಅಂಗಳದಲ್ಲಿ ಎಲೆಯಲ್ಲಿ ಸುತ್ತಿದ ಗೆಡ್ಡೆಯ ಲಾಪ್‌ಲಾಪ್ ಬೇಯಿಸಿದ ಕಲ್ಲುಗಳು ಇನ್ನೂ ಬೆಚ್ಚಗಿದ್ದವು. ನಾಯಿ ಅವುಗಳ ಮೇಲೆ ಮಲಗಿತ್ತು. ನಾನು ಹಲ್ಲುಜ್ಜಿದೆ. ಚಹಾ ಕುಡಿದೆ. ನನ್ನ ಗಂಡ ಪ್ಯಾಟಿಸನ್‌ಗೆ ಹೋದ ವಾರ ಸೋಮವಾರ ಜ್ವರ, ಬುಧವಾರ ಆಸ್ಪತ್ರೆ, ಗುರುವಾರ ಮಣ್ಣು. ಅದಾದ ಮೇಲೆ ಅಳುವವರಿಲ್ಲದ ಮೊದಲ ಬೆಳಗು ಇದು.

ಆರೂವರೆಗೆ ಅವನ ಫೋನು ಹೊಡೆದುಕೊಂಡಿತು.

"ಪ್ಯಾಟಿಸನ್ ತಾರಿ ಅವ್ರಾ? ವಿಲಾದ ಕೋಳಿ ಫಾರ್ಮಿಂದ. ನಿಮ್ಮ ನಾನೂರು ಮರಿ ಮಧ್ಯಾಹ್ನದ ವಿಮಾನಕ್ಕೆ ಹತ್ತಿಸ್ತಾ ಇದೀವಿ. ಅಲ್ಲಿ ಯಾರು ಇಳಿಸ್ಕೋತಾರೆ?"

"ನಾನು" ಎಂದೆ.

ಫೋನಿಟ್ಟು ಲೆಕ್ಕ ಹಾಕಿದೆ. ಮೊಟ್ಟೆಯೊಡೆದು ಒಂದು ದಿನವಾದ ನಾನೂರು ಕೋಳಿಮರಿಗಳು. ನಮ್ಮ ಬೆಚ್ಚನೆಯ ಗೂಡಿನಲ್ಲಿ ಐವತ್ತಕ್ಕೆ ಮಾತ್ರ ಜಾಗ. ಉಳಿದ ಮುನ್ನೂರೈವತ್ತು ಕತ್ತಲಾಗುವ ಮೊದಲು ಗಿರಾಕಿಗಳ ಮನೆ ಸೇರಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದ ತಗಡಿನ ಕೆಳಗೆ, ಪೆಟ್ಟಿಗೆಯಲ್ಲೇ ಒಂದೊಂದಾಗಿ ಕತ್ತು ಬಾಗಿಸುತ್ತವೆ. ಒಮ್ಮೆ ಹನ್ನೊಂದು ಸತ್ತಿದ್ದವು. ಪ್ಯಾಟ್ ಎರಡು ದಿನ ಮೊಟ್ಟೆ ಕೂಡ ಮುಟ್ಟಿರಲಿಲ್ಲ.

ಅವನ ಕೆಲಸ ಸರಳ. ಮರಿ ಬರುವ ದಿನ ಸಾಂಟೊ, ಮಾಲೊ ದ್ವೀಪಗಳ ನೂರ ಎಂಬತ್ತಾರು ಜನರಿಗೆ ಒಂದು ಮೆಸೇಜು. ಅವರ ಬಳಿ ತಿರುಗಿ ಬರೆಯುವಷ್ಟು ಕ್ರೆಡಿಟ್ ಇರುವುದಿಲ್ಲ. ಆದ್ದರಿಂದ ಮಿಸ್ಡ್ ಕಾಲ್: ಒಂದು ಸಲ ಹೊಡೆದರೆ ಹತ್ತು ಮರಿ, ಎರಡು ಸಲ ಹೊಡೆದರೆ ಇಪ್ಪತ್ತು. ಎತ್ತುವ ಹಾಗಿಲ್ಲ. ಎತ್ತುವುದೆಂದರೆ ಅವರ ಜೇಬಿಗೆ ಕೈ ಹಾಕಿದಂತೆ. ಸುವಾದಲ್ಲಿ ವಾಣಿಜ್ಯ ಓದಿ ಬಂದ ನಾನು ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಮಾಡಿಕೊಡುತ್ತೇನೆಂದಾಗ ಅವನು ನಕ್ಕಿದ್ದ. "ನಮ್ಮವರು ಬಾಯಿ ಬಿಡಲ್ಲ ಹಿಲ್ಡಾ. ಬರೀ ರಿಂಗ್ ಕೊಡ್ತಾರೆ."

ಫೋನು ತೆರೆದೆ. ಮೆಸೇಜನ್ನು ಅವನೇ ಬರೆದಿಟ್ಟಿದ್ದ, ಆಸ್ಪತ್ರೆಗೆ ಹೋಗುವ ಮುಂಚೆ. "ಕೋಳಿ ಬಂಧುಗಳೇ, ನಾನೂರು ಮರಿ ಮಂಗಳವಾರ ಮಧ್ಯಾಹ್ನದ ವಿಮಾನದಲ್ಲಿ. ರಟ್ಟಿನ ಡಬ್ಬಿ ತನ್ನಿ. ತಡ ಮಾಡಬೇಡಿ. ನಾನು ಗೇಟಿನ ಬಳಿ ಕಾಯುತ್ತಿರುತ್ತೇನೆ. ಪ್ಯಾಟ್."

ಓದಿದೆ. ದಿನ ಸರಿಯಿತ್ತು, ಸಂಖ್ಯೆ ಸರಿಯಿತ್ತು. ಒತ್ತಿದೆ.

ಬೇರೆ ದಿನವಾಗಿದ್ದರೆ ಐದು ನಿಮಿಷದೊಳಗೆ ಬಾಣಲೆಯಲ್ಲಿ ಜೋಳ ಸಿಡಿದಂತೆ ಫೋನು ಸಿಡಿಯಬೇಕಿತ್ತು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಆಮೇಲೆ ಬೇಲಿಯಾಚೆಯಿಂದ ಒಂದು ಕಿರುಚಾಟ ಬಂತು, ಅದರ ಹಿಂದೆಯೇ ಪ್ಯಾಟ್‌ನ ಅಕ್ಕ ಮೆರೆಲಿನ್ ಬಂದಳು. ತನ್ನ ಫೋನನ್ನು ಬಾಳೆ ಎಲೆಯಲ್ಲಿ ಹಿಡಿದಿದ್ದಳು, ಸುಡುವ ಗೆಣಸನ್ನು ಹಿಡಿದಂತೆ.

"ಹಿಲ್ಡಾ! ಏ ಹಿಲ್ಡಾ! ಬಂದ್ಬಿಟ್ಟ ಕಣೇ!"

"ಯಾರು ಅತ್ತಿಗೆ?"

"ಯಾರು ಅಂತ ಕೇಳ್ತಾಳೆ! ನನ್ನ ತಮ್ಮ! ಏರ್‌ಪೋರ್ಟ್ ಗೇಟಲ್ಲಿ ಕಾಯ್ತಾ ಇರ್ತಾನಂತೆ. ತಡ ಮಾಡ್ಬೇಡಿ ಅಂತಾನೆ. ನಂಗೇನು ಅರ್ಜೆಂಟು ಅವನ ಹತ್ರ ಹೋಗೋಕೆ?"

ಆಗ ನನಗೆ ಹೊಳೆಯಿತು. ಗುರುವಾರ ಅವನ ಮೇಲೆ ಮಣ್ಣು ಹಾಕಿದ ಕೈಗಳಿಗೆಲ್ಲ ನಾನು ಆ ಮೆಸೇಜು ಕಳಿಸಿದ್ದೆ.

ಹೇಳಿದೆ. ಮೆರೆಲಿನ್ ನಾಯಿಯನ್ನು ಎಬ್ಬಿಸಿ ಕಲ್ಲಿನ ಮೇಲೆ ಕುಳಿತಳು.

"ನಾಲ್ಕು ವರ್ಷ ಸುವಾದಲ್ಲಿ ಇದನ್ನೇ ಕಲಿಸಿದ್ರಾ ನಿಂಗೆ?"

ಅಷ್ಟರಲ್ಲಿ ಅವಳ ಫೋನಿಗೆ ಸುದ್ದಿಗಳು ಬರತೊಡಗಿದವು. ಫನಾಫೋದಲ್ಲಿ ಒಬ್ಬ ಫೋನನ್ನು ಎಲೆಯಲ್ಲಿ ಸುತ್ತಿ ಮರಕ್ಕೆ ಕಟ್ಟಿದ್ದಾನೆ. ಇನ್ನೊಬ್ಬರು ಪಾದ್ರಿಯನ್ನು ಕರೆಸಿದ್ದಾರೆ. ಪಾದ್ರಿಗೂ ಅದೇ ಮೆಸೇಜು ಬಂದಿದೆ. ಮೆರೆಲಿನ್ ಒಂದೊಂದನ್ನೂ ಕೂಗಿ ಹೇಳಿದಳು. ನನಗೆ ಅಳು ಬರಬೇಕಿತ್ತು. ಬಂದದ್ದು ಅವಸರ. ಗಂಟೆ ಎಂಟೂವರೆ. ಮರಿಗಳು ವಿಮಾನ ಹತ್ತಲು ಹೊರಟಿದ್ದವು.

ಮತ್ತೆ ಬರೆದೆ. "ನಾನು ಹಿಲ್ಡಾ. ಬೆಳಗಿನದು ಪ್ಯಾಟ್ ಬರೆದಿಟ್ಟದ್ದು, ಒತ್ತಿದ್ದು ನಾನು. ತಪ್ಪಾಯಿತು. ಅವನೆಲ್ಲಿದ್ದಾನೆಂದು ನಿಮಗೇ ಗೊತ್ತು. ಮರಿಗಳು ಮಾತ್ರ ನಿಜ. ಗೇಟಿನಲ್ಲಿ ನಾನಿರುತ್ತೇನೆ."

ಮೆರೆಲಿನ್ ಓದಿ ತಲೆ ಅಲ್ಲಾಡಿಸಿದಳು. "ನಂಬರು ಅವನದೇ. ಹೆಸರೂ ಅವನದೇ ಬರುತ್ತೆ. ದೆವ್ವ ಆದ್ರೂ ಹೀಗೇ ಬರೆಯೋದು. ಯಾವ ದೆವ್ವ ನಾನು ದೆವ್ವ ಅಂತ ಬರೆಯುತ್ತೆ ಹೇಳು?"

ಆದರೂ ಕಳಿಸಿದೆ. ಇಬ್ಬರೂ ಫೋನನ್ನು ನಡುವೆ ಇಟ್ಟುಕೊಂಡು ಕುಳಿತೆವು. ಒಂಬತ್ತು. ಒಂಬತ್ತೂಕಾಲು.

ಒಂದು ಸಲ ಹೊಡೆಯಿತು.

ನಾನು ಎತ್ತಿಬಿಟ್ಟೆ.

"ಅಯ್ಯಯ್ಯೋ! ಯಾಕೆ ಎತ್ತಿದೆ?" ಮಟೆವುಲುವಿನ ವೆಟಿ, ನಮ್ಮ ಅತಿ ಹಳೆಯ ಗಿರಾಕಿ. "ಇದ್ದ ಒಂಚೂರು ಕ್ರೆಡಿಟ್ಟೂ ನುಂಗಿದ್ಯಲ್ಲೇ!"

"ವೆಟಿ ಆಂಟಿ, ನಾನು ಹಿಲ್ಡಾ, ದಯವಿಟ್ಟು..."

"ಗೊತ್ತಾಯ್ತು ಬಿಡು! ಪ್ಯಾಟ್ ಸತ್ತ ಮೇಲೂ ಎತ್ತೋನಲ್ಲ. ಎತ್ತೋ ದಡ್ಡಿ ಈ ದ್ವೀಪದಲ್ಲಿ ನೀನೊಬ್ಬಳೇ!"

ಕಟ್.

ಐದು ದಿನಗಳಿಂದ ಎಲ್ಲರೂ ನನ್ನೊಡನೆ ಪಿಸುದನಿಯಲ್ಲಿ ಮಾತಾಡಿದ್ದರು. ಆ ಬೈಗುಳಕ್ಕೆ ನನ್ನ ಕಿವಿ ಬಿಸಿಯಾಯಿತು, ಹಸಿವೂ ಆಯಿತು.

ಹತ್ತು ನಿಮಿಷದಲ್ಲಿ ಮಟೆವುಲುವಿನಿಂದ ಒಂದು ಕರೆ. ಅದೇ ರಸ್ತೆಯಿಂದ ಇನ್ನೊಂದು. ಎರಡು ಸಲ ಹೊಡೆದದ್ದು ಒಂದು. ವೆಟಿ ಮನೆಮನೆಗೆ ಹೋಗಿ ನನ್ನ ದಡ್ಡತನ ಸಾರುತ್ತಿದ್ದಳೆಂದು ಕಾಣುತ್ತದೆ. ಮೆರೆಲಿನ್ ಇದ್ದಿಲು ತೆಗೆದುಕೊಂಡು ಸಿಮೆಂಟಿನ ಮೇಲೆ ಗೆರೆ ಎಳೆಯತೊಡಗಿದಳು.

"ಹತ್ತು! ಇನ್ನೊಂದು ಹತ್ತು! ಇದು ಎಷ್ಟು ಸಲ ಹೊಡೀತು? ಎರಡಾ? ಇವಳ ಮನೇಲಿ ಕೂರೋಕೇ ಜಾಗ ಇಲ್ಲ, ಇಪ್ಪತ್ತು ಮರಿ ಬೇಕಂತೆ! ಹಿಡಿ ಹಿಡಿ, ಮತ್ತೆ ಹೊಡೀತಿದೆ, ಎತ್ತಬೇಡ್ವೇ!"

ಹನ್ನೊಂದಕ್ಕೆ ಗೆರೆಗಳು ಮೆಟ್ಟಿಲವರೆಗೆ ಬಂದವು. ಮುನ್ನೂರ ಮೂವತ್ತು. ನಾನು ಚಪ್ಪಲಿ ಹಾಕಿಕೊಂಡೆ. ಮೆರೆಲಿನ್ ಇದ್ದಿಲು ಕೆಳಗಿಟ್ಟಳು.

"ಎಲ್ಲಿಗೆ? ಹತ್ತನೇ ದಿನದ ಊಟ ಆಗೋವರೆಗೂ ನೀನು ಬೇಲಿ ದಾಟೋ ಹಾಗಿಲ್ಲ."

"ಗೇಟಿನಲ್ಲಿ ನಾನಿರ್ತೀನಿ ಅಂತ ಬರೆದಿದೀನಿ ಅತ್ತಿಗೆ. ಅಲ್ಲಿ ನಾನಿಲ್ಲದಿದ್ರೆ ಯಾರು ಇರ್ತಾರೆ ಅಂದ್ಕೋತಾರೆ?"

ಅವಳು ಅಂಗಳ ನೋಡಿದಳು, ಆಕಾಶ ನೋಡಿದಳು. "ಮರಿಗಳಿಗೆ ಐದನೇ ದಿನ ಹತ್ತನೇ ದಿನ ಗೊತ್ತಾಗಲ್ಲ, ಅದು ನಿಜ. ತಲೆಗೆ ಕಪ್ಪು ಬಟ್ಟೆ ಕಟ್ಕೋ. ಕೇಳಿದ್ರೆ ನಾನೇ ಎಳ್ಕೊಂಡು ಬಂದೆ ಅಂತೀನಿ." ಗಂಡನ ಟ್ರಕ್ಕಿನ ಕೀಲಿ ಅವಳ ಸೊಂಟದಲ್ಲಿ ಬೆಳಗಿನಿಂದಲೇ ಇತ್ತು.

ವಿಮಾನ ಹನ್ನೆರಡೂಕಾಲಿಗೆ ಇಳಿಯಿತು. ಎಂಟು ಪೆಟ್ಟಿಗೆಗಳು ಗಾಡಿಯ ಮೇಲೆ ಬರುವ ಮೊದಲೇ ಅವುಗಳ ಸದ್ದು ಬಂತು. ಚಿಂವ್‌ಗುಡುವ ಒಂದು ಇಡೀ ಕೇರಿ. ಮುಚ್ಚಳದ ತೂತಿನಿಂದ ಒಂದು ಕೊಕ್ಕು ನನ್ನ ಬೆರಳನ್ನು ಕುಕ್ಕಿತು. ತೆಗೆದು ನೋಡಿದೆ. ಎಲ್ಲವೂ ನಿಂತಿದ್ದವು.

ಗೇಟಿನಾಚೆ ಟ್ರಕ್ಕುಗಳು ಬಂದಿದ್ದವು. ನಲವತ್ತು ಜನರಾದರೂ ಇದ್ದರು, ಎಲ್ಲರ ಕೈಯಲ್ಲೂ ಡಬ್ಬಿ. ಆದರೆ ಎಲ್ಲರೂ ರಸ್ತೆಯ ಆಚೆ ಬದಿಯಲ್ಲಿ. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಗಲ ಹಿಂದೆ ನೋಡುತ್ತಿದ್ದರು. ಬಿಸಿಲು ಏರುತ್ತಿತ್ತು. ಪೆಟ್ಟಿಗೆಗಳೊಳಗಿನ ಸದ್ದು ತೆಳುವಾಗತೊಡಗಿತ್ತು.

"ಬನ್ನಿ! ಇವು ಸಾಯ್ತವೆ, ಬನ್ನಿ!" ಎಂದು ಕೂಗಿದೆ. ನನ್ನ ದನಿ ನನಗೇ ಹೊಸದಾಗಿತ್ತು.

ವೆಟಿ ರಸ್ತೆ ದಾಟಿ ನೇರ ಬಂದಳು. ನನ್ನ ತೋಳು ಹಿಡಿದು ಬಲವಾಗಿ ಚಿವುಟಿದಳು.

"ಆ!" ಎಂದೆ.

"ಬಿಸಿ ಇದಾಳೆ!" ವೆಟಿ ತಿರುಗಿ ಕೂಗಿದಳು. "ಚಿವುಟಿದ್ರೆ ಕೂಗ್ತಾಳೆ! ಬನ್ರೋ, ಹೇಡಿಗಳಾ!"

ಆಮೇಲೆ ಆ ನೂಕುನುಗ್ಗಲು! ನಾನು ಎಣಿಸಿದೆ, ಮೆರೆಲಿನ್ ಹೆಸರು ಕೂಗಿದಳು, ಹಳದಿ ಉಂಡೆಗಳು ಕೈಯಿಂದ ಕೈಗೆ ಹಾರಿದವು. ಒಬ್ಬ ಹತ್ತು ಕೇಳಿದ್ದವನು ಇಪ್ಪತ್ತು ಬೇಕೆಂದ. "ನಾನು ಎರಡು ಸಲ ಹೊಡೆದಿದ್ದೆ!" "ಒಂದೇ ಹೊಡೆದಿದ್ದೆ, ಸುಳ್ಳ! ಇನ್ನೊಂದು ಭಯಕ್ಕೆ ನಿನ್ನ ಎದೆ ಹೊಡ್ಕೊಂಡದ್ದು!" ಜನ ನಕ್ಕರು. ನಾನೂ ನಕ್ಕೆ, ನಕ್ಕು ಮುಗಿಸಿದ ಮೇಲೆ ಗೊತ್ತಾಯಿತು. ಹೋಗುವ ಮುಂಚೆ ಅನೇಕರು ನನ್ನ ತೋಳನ್ನು ಮುಟ್ಟಿ ಹೋದರು, ಕೆಲವರು ಪರೀಕ್ಷೆಗೆ, ಕೆಲವರು ಬೇರೆ ಕಾರಣಕ್ಕೆ.

ಮೂರು ಗಂಟೆಗೆ ನಮ್ಮ ಗೂಡಿನ ಐವತ್ತು ಬಿಟ್ಟು ಇಪ್ಪತ್ತು ಉಳಿದಿದ್ದವು. ಒಂದೂ ಸತ್ತಿರಲಿಲ್ಲ.

ಆಗ ಬಂದವನು ಮಾಲೊ ದ್ವೀಪದ ವಿಲಿ. ಮುದುಕ, ಎಲ್ಲರಿಗೂ ಅವನು ಬುಬು, ಅಜ್ಜ. ಮೊಣಕಾಲವರೆಗೆ ಉಪ್ಪುನೀರು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ಮರಿ ಯಾವುದರಲ್ಲಿ ಒಯ್ತೀರಿ ಬುಬು?"

"ಮರಿಗೆ ಬಂದಿಲ್ಲ ಮಗಳೇ. ಗೇಟಲ್ಲಿ ಕಾಯ್ತೀನಿ ಅಂದಿದ್ನಲ್ಲ, ಅದಕ್ಕೆ ಬಂದೆ."

"ಇನ್ನೊಂದು ಮೆಸೇಜು ಬರಲಿಲ್ವಾ?"

"ಬಂತು. ಪಕ್ಕದ ಮನೆಯವಳು ಓದಿದ್ಲು." ಅವನು ಗೇಟಿನತ್ತ ನೋಡಿದ. "ಗುರುವಾರ ಸಮುದ್ರ ಕೆಟ್ಟಿತ್ತು. ದೋಣಿ ಬಿಡ್ಲಿಲ್ಲ. ಕರೆದಾಗಲೇ ಹೋಗೋಣ ಅಂತ ಇವತ್ತು ಬಂದೆ."

ನಾವು ಮೂವರೂ ವಿಮಾನ ನಿಲ್ದಾಣದ ಗೋದಾಮಿನ ಮೆಟ್ಟಿಲ ಮೇಲೆ ಕುಳಿತೆವು. ಮೆರೆಲಿನ್ ತೆಂಗಿನ ಗರಿ ಸೀಳಿ ಅವನಿಗೊಂದು ಬುಟ್ಟಿ ಹೆಣೆಯತೊಡಗಿದಳು. ಫೋನು ಇನ್ನೂ ಒಮ್ಮೊಮ್ಮೆ ಹೊಡೆಯುತ್ತಿತ್ತು. ಬುಬು ಅದನ್ನು ನೋಡಿ ನಕ್ಕ.

"ಆ ನಂಬರು ನಂದು, ಗೊತ್ತಾ? ನಾಲ್ಕು ವರ್ಷದ ಹಿಂದೆ ಪ್ಯಾಟ್ ಮಾಲೊಗೆ ಬಂದಾಗ ಫೋನು ನೀರಿಗೆ ಬಿತ್ತು. ಮಾರನೇ ದಿನ ಮರಿ ಬರೋದಿತ್ತು. ನಂದರಿಂದ ಸಿಮ್ ಕಿತ್ತು ಕೊಟ್ಟೆ, ಹೊಸದು ಸಿಗೋವರೆಗೂ ಇರ್ಲಿ ಅಂತ. ಆಮೇಲೆ ಊರಿಗೆಲ್ಲ ಅದೇ ನಂಬರು ಬಾಯಿಪಾಠ ಆಯ್ತು. ಸಿಕ್ಕಾಗೆಲ್ಲ, ಮುಂದಿನ ಸಲ ಕೊಡ್ತೀನಿ ಬುಬು, ಮುಂದಿನ ಸಲ, ಅಂತಿದ್ದ."

"ನನಗೆ ಹೇಳಲೇ ಇಲ್ಲ."

"ಇರ್ಲಿ, ಇಟ್ಕೋ. ನಂಗ್ಯಾರು ಫೋನ್ ಮಾಡ್ತಾರೆ."

ಇಟ್ಟುಕೊಳ್ಳುವ ಆಸೆ ಎಷ್ಟಿತ್ತೆಂದರೆ ನಾನು ಫೋನನ್ನು ಮುಷ್ಟಿಯಲ್ಲಿ ಹಿಡಿದೆ. ಪ್ರತಿ ತಿಂಗಳೂ ನೂರ ಎಂಬತ್ತಾರು ಮನೆಗಳಲ್ಲಿ ಅವನ ಹೆಸರು ಬೆಳಗುತ್ತದೆ. ಪ್ರತಿ ತಿಂಗಳೂ ಜನ ರಸ್ತೆಯ ಆಚೆ ನಿಂತು ನನ್ನ ಹಿಂದೆ ನೋಡುತ್ತಾರೆ, ಬಿಸಿಲೇರುತ್ತದೆ.

ಫೋನಿನ ಬೆನ್ನು ಬಿಚ್ಚಿದೆ. ಅವನ ಸಿಮ್ ತೆಗೆದು, ನನ್ನ ಫೋನಿನಲ್ಲಿದ್ದದ್ದನ್ನು ಕಿತ್ತು ಹಾಕಿದೆ. ಹೆಸರುಗಳು ಫೋನಿನಲ್ಲೇ ಉಳಿದಿದ್ದವು. "ಕೋಳಿ ಬಂಧುಗಳೇ" ಎಂದು ಬರೆದು ಅಳಿಸಿದೆ. ಅದು ಅವನ ಮಾತು. "ಇದು ಹಿಲ್ಡಾಳ ನಂಬರು. ಮುಂದಿನ ಮರಿಗಳ ಸುದ್ದಿ ಇಲ್ಲಿಂದ. ಬೇಕಾದವರು ಹೊಡೆಯಿರಿ. ಎತ್ತುವುದಿಲ್ಲ."

ಒತ್ತಿದೆ. ಮೆರೆಲಿನ್ ಹೆಣೆಯುವುದನ್ನು ನಿಲ್ಲಿಸಿದಳು. ಬುಬು ಕೂಡ ಬಾಗಿ ನೋಡಿದ.

ಒಂದು ಸಲ ಹೊಡೆಯಿತು, ನಿಂತಿತು. ಇನ್ನೊಂದು ಹೊಡೆಯಿತು. ಮೆರೆಲಿನ್ ಗರಿ ಎಸೆದು ಎದ್ದು ನಿಂತಳು. "ಇದ್ದಿಲು! ಇದ್ದಿಲು ಎಲ್ಲಿ?" ಮತ್ತೊಂದು, ಎರಡು ಸಲ. ಆಮೇಲೆ ಎಣಿಸಲಾಗಲಿಲ್ಲ.

ನಾನು ಬುಬುವಿನ ಕೈ ಬಿಡಿಸಿ, ಉಗುರಿನಷ್ಟಿದ್ದ ಆ ಸಿಮ್ಮನ್ನು ಅಂಗೈ ನಡುವೆ ಇಟ್ಟು, ಬೆರಳುಗಳನ್ನು ಮಡಚಿದೆ.