ಬೋರ್ಡಿನ ಮೇಲಿನ ಪೊರಕೆ

“ಥೂ, ಇದೇನೇ ಇದು? ದೀಪದ ಬೋರ್ಡಾ, ಮಕ್ಕಳ ಸ್ಲೇಟಾ? ಪೊರಕೆಯಂತೆ, ಕೊಡವಂತೆ, ಕಾಲಂತೆ! ಗೀಚೋಕೆ ನಿಮ್ಮಪ್ಪನ ಮನೆ ಗೋಡೆ ಅಂದ್ಕೊಂಡ್ಯಾ?”

ನಾಟಕದ ಮೇಷ್ಟ್ರು ನನ್ನ ಅಂಟುಪಟ್ಟಿಗಳ ಮೇಲೆ ಉಗುರು ಗೀರಿದರು. ಹಿಂದೆ ಅವರ ಅಕ್ಕನ ಮಗ ನಿಂತಿದ್ದ. ಒಳಗಿದ್ದರೂ ಕಪ್ಪು ಕನ್ನಡಕ ತೆಗೆಯದವನು, ಅದಕ್ಕೇ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದೆವು. ಅವನು ಕಿಸಕ್ಕನೆ ನಕ್ಕ.

“ಗಣ್ಯರು ಬರೋದ್ರೊಳಗೆ ಇಷ್ಟನ್ನೂ ಕಿತ್ತು ಬಿಸಾಕು.”

“ಆಟ ಮುಗೀಲಿ ಮೇಷ್ಟ್ರೇ. ಈಗ ಕಿತ್ರೆ ಯಾವ ಹಿಡಿ ಯಾವ ದೀಪಕ್ಕೆ ಅಂತ ದೇವರಿಗೂ ಗೊತ್ತಾಗಲ್ಲ.”

“ಎದುರು ಮಾತಾಡ್ತೀಯಾ, ಪೊರಕೆ?”

ಪೊರಕೆ ಎಂದರೆ ನಾನು. ಅವ್ವ ಇದೇ ರಂಗಮಂದಿರ ಗುಡಿಸುವವಳು, ಅದಕ್ಕೆ. ಯುವಜನರ ಉಚಿತ ರಂಗ ತರಬೇತಿಗೆ ಸೇರಿದ ಮೊದಲ ದಿನ ಮೇಷ್ಟ್ರೇ ಇಟ್ಟ ಹೆಸರು. ತರಬೇತಿ ಮುಗಿದು, ಪ್ರಮಾಣಪತ್ರ ಕೈಗೆ ಬಂದು, ಆ ತಂಡ ಈ ತಂಡ ಎಂದು ನಾನು ಸ್ವಂತವಾಗಿ ಕೆಲಸಕ್ಕೆ ಅಲೆಯತೊಡಗಿ ಎರಡು ವರ್ಷವಾದರೂ ಆ ಹೆಸರು ನನ್ನನ್ನು ಬಿಡಲಿಲ್ಲ.

ಸಭಾಂಗಣದ ಹಿಂದೆ, ಮೇಲಿನ ಗಾಜಿನ ಕೋಣೆಯಲ್ಲಿದ್ದ, ದೀಪ ಏರಿಸಿ ಇಳಿಸುವ ಇಪ್ಪತ್ತನಾಲ್ಕು ಹಿಡಿಗಳ ಹಳೇ ಬೋರ್ಡು ಅದು. ಅಂಕಿಗಳೆಲ್ಲ ಅಳಿಸಿಹೋಗಿವೆ. ವೈರುಗಳನ್ನು ಯಾವನೋ ಪುಣ್ಯಾತ್ಮ ಅಡ್ಡಾದಿಡ್ಡಿ ಸಿಕ್ಕಿಸಿದ್ದಾನೆ, ಮೂರನೇ ಹಿಡಿ ಎತ್ತಿದರೆ ಹತ್ತೊಂಬತ್ತನೇ ದೀಪ ಹತ್ತುತ್ತದೆ. ಹದಿನೈದು ದಿನ ಏಣಿ ಹತ್ತಿಳಿದು ಒಂದೊಂದನ್ನೂ ಪತ್ತೆ ಮಾಡಿ, ಪ್ರತಿ ಹಿಡಿಯ ಕೆಳಗೂ ಬಿಳಿ ಪಟ್ಟಿ ಹಚ್ಚಿ ಚಿತ್ರ ಬರೆದಿದ್ದೆ. ಬೆಳಗಿನ ದೀಪಕ್ಕೆ ಪೊರಕೆ, ಬಾವಿಕಟ್ಟೆಯದಕ್ಕೆ ಕೊಡ, ಹೀಗೆ. ಕತ್ತಲಲ್ಲಿ ಅಕ್ಷರ ಓದುತ್ತ ಕೂತರೆ ದೃಶ್ಯವೇ ಮುಗಿದಿರುತ್ತದೆ. ಚಿತ್ರವಾದರೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಈ ಬುದ್ಧಿ ತರಬೇತಿಯಲ್ಲಿ ಕಲಿತದ್ದಲ್ಲ, ಅವ್ವನದು. ಅವಳಿಗೆ ಓದು ಬಾರದು. ನೆಲದ ಫಿನಾಯಿಲ್ ಬಾಟಲಿಗೆ ಕಾಲು, ಕಕ್ಕಸಿನ ಆಸಿಡ್ಡಿಗೆ ಅಡ್ಡಗೆರೆ, ಗಾಜು ಒರೆಸುವುದಕ್ಕೆ ಕಣ್ಣು. ಹೀಗೆ ಬರೆದುಕೊಂಡೇ ಇಪ್ಪತ್ತು ವರ್ಷ ಒಮ್ಮೆಯೂ ಕೈ ಸುಟ್ಟುಕೊಂಡಿಲ್ಲ.

ಆವತ್ತು ಸಂಜೆ ನಾಲ್ಕರ ಆಟಕ್ಕೆ ದೊಡ್ಡ ಸಂಚಾರಿ ತಂಡವೊಂದರ ಯಜಮಾನಿ ಬರುವವರಿದ್ದರು. ಅವರಿಗೆ ಬೆಳಕು ಮಾಡುವವರು ಬೇಕಿತ್ತು, ಇಡೀ ವರ್ಷದ ಕೆಲಸ. ಆಟ ನೋಡಿ, ಕರಪತ್ರದಲ್ಲಿ ಹೆಸರು ನೋಡಿ ಕರೆಯುತ್ತಾರೆ. ನಮ್ಮ ಕಸುಬಿನಲ್ಲಿ ಹೆಸರು ಅಚ್ಚಾದರೆ ನಾವು ಇದ್ದೇವೆ, ಇಲ್ಲವಾದರೆ ಇಲ್ಲ. ಹನ್ನೊಂದು ನಾಟಕಕ್ಕೆ ಬೆಳಕು ಮಾಡಿದ್ದೆ, ಒಂದರಲ್ಲೂ ನನ್ನ ಹೆಸರು ಬಂದಿರಲಿಲ್ಲ. ಈ ಸಲ ಹಾಕಿಸುತ್ತೇನೆಂದು ಮೇಷ್ಟ್ರು ಮಾತು ಕೊಟ್ಟಿದ್ದರು.

ಆಟ ಶುರುವಾಗುವ ಮೊದಲ ಗಂಟೆ ಹೊಡೆದಾಗ ಅವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಕರಪತ್ರ.

“ನಿನ್ನ ಹೆಸರು ಎಲ್ಲಿದೆ ತೋರ್ಸೇ. ಬೆರಳಿಟ್ಟು ತೋರ್ಸು.”

ಬೆಳಕು ವಿನ್ಯಾಸ ಎಂಬಲ್ಲಿ ಕನ್ನಡಕನ ಹೆಸರಿತ್ತು. ತೀರಾ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ: ನೆರವು, ತರಬೇತಿ ಪಡೆದ ಯುವಜನರು. ಅವ್ವನ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟೆ.

“ಇಲ್ಲಿ.”

“ಇಷ್ಟುದ್ದಾನಾ ನಿನ್ನ ಹೆಸರು?” ಎಂದು ಹಿಗ್ಗಿ, ಕಾಗದವನ್ನು ಮಡಚಿ ಎದೆಯೊಳಗೆ ಸೇರಿಸಿಕೊಂಡು ಇಳಿದು ಹೋದಳು.

ನಾನು ಮೇಷ್ಟ್ರ ಕಡೆ ತಿರುಗಿದೆ. “ನನ್ನ ಹೆಸರು ಹಾಕಿಸ್ತೀನಿ ಅಂದಿದ್ರಲ್ಲ?”

“ದೀಪ ಹತ್ತಿದ್ರೆ ಸಾಲ್ದಾ, ಹೆಸರು ಯಾರದ್ದಾದ್ರೇನು? ಕೇಳಿಲ್ಲಿ. ಇವನು ಕುರ್ಚೀಲಿ ಕೂತ್ಕೊತಾನೆ. ನೀನು ಕೆಳಗೆ, ನೆಲದ ಮೇಲೆ. ಗಾಜಿಂದಾಚೆ ನಿನ್ನ ತಲೆ ಕಾಣಿಸ್ಕೂಡ್ದು. ಅಲ್ಲಿಂದ್ಲೇ ಪಿಸುಪಿಸು ಹೇಳ್ಕೊಡು, ಪೊರಕೆ ಎತ್ತು, ಕೊಡ ಇಳ್ಸು ಅಂತ.”

“ಇದು ನಾನು ಮಾಡಿದ ಕೆಲಸ ಮೇಷ್ಟ್ರೇ.”

“ಮುಚ್ಚೇ ಬಾಯಿ, ಮುಂಡೇದೆ! ಕಕ್ಕಸು ತೊಳೆಯೋಳ ಮಗಳನ್ನ ಬೋರ್ಡ್ ಮುಂದೆ ಕೂರ್ಸಿದ್ದೇ ನಾನು. ನಿಮ್ಮವ್ವನ ಕೆಲಸ ನನ್ನ ಒಂದು ಮಾತಲ್ಲಿದೆ, ನೆನಪಿಟ್ಕೋ.”

ದಡದಡ ಇಳಿದು ಹೋದರು. ಕನ್ನಡಕ ಕುರ್ಚಿಗೆ ಒರಗಿ ಕಾಲು ಚಾಚಿದ. “ಕೂತ್ಕೋ ಮಾರಾಯ್ತಿ. ಈ ಬೊಂಬೆ ಎಲ್ಲ ನನ್ನ ತಲೆಗೆ ಹತ್ತಲ್ಲ.”

ನೆಲದ ಮೇಲೆ ಕೂತೆ. ಅಲ್ಲಿಂದ ಕಾಣುತ್ತಿದ್ದದ್ದು ಅವನ ಬೂಟು ಮಾತ್ರ. ಇಡೀ ಆಟ ಆ ಬೂಟಿಗೆ ಪಾಠ ಹೇಳಬೇಕು. ಮೈಯೆಲ್ಲ ಉರಿದುಹೋಯಿತು. ಎರಡನೇ ಗಂಟೆ ಹೊಡೆಯಿತು. ಎದ್ದು ನಿಂತು ಮೊದಲ ಪಟ್ಟಿಯನ್ನು ಸರ್ರನೆ ಕಿತ್ತೆ.

“ಏಯ್, ಏನ್ಮಾಡ್ತಿದೀಯಾ?”

“ಗಣ್ಯರು ಬರೋದ್ರೊಳಗೆ ಕಿತ್ತು ಬಿಸಾಕು ಅಂತ ನಿಮ್ಮ ಮಾವ ಹೇಳಿದ್ರಲ್ಲ. ಬಂದೇಬಿಟ್ರು ನೋಡು, ನಾಲ್ಕನೇ ಸಾಲು.”

ಇಪ್ಪತ್ತನಾಲ್ಕನ್ನೂ ಕಿತ್ತೆ. ಬಿಸಾಕಲು ಮನಸ್ಸು ಬರಲಿಲ್ಲ, ಮಣಿಕಟ್ಟಿನಿಂದ ಮೊಣಕೈವರೆಗೆ ಅದೇ ಕ್ರಮದಲ್ಲಿ ಅಂಟಿಸಿಕೊಂಡೆ. ಕನ್ನಡಕ ಮೊದಲ ಸಲ ಕನ್ನಡಕ ತೆಗೆದು ಬೋರ್ಡು ನೋಡುತ್ತಿದ್ದ.

ಕೆಳಗಿಳಿದು, ಕೆಲಸದವರಿಗೆಂದೇ ಇರುವ ಹಿಂಬಾಗಿಲು ಬಿಟ್ಟು ಮುಂಬಾಗಿಲಿನಿಂದಲೇ ಸಭಾಂಗಣಕ್ಕೆ ಹೋದೆ. ಬಾಗಿಲ ಪಕ್ಕ ಎಂದಿನಂತೆ ಅವ್ವ ಪೊರಕೆ ಹಿಡಿದು ನಿಂತಿದ್ದಳು. ಇಪ್ಪತ್ತು ವರ್ಷದಿಂದ ಒರೆಸಿದ ಕುರ್ಚಿಗಳಲ್ಲಿ ಅವಳು ಒಂದು ದಿನ ಕೂತವಳಲ್ಲ. ಕೈ ಹಿಡಿದೆಳೆದು ಕೊನೆಯ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ.

“ಬಿಡೇ, ಯಾರಾದ್ರೂ ನೋಡಿಯಾರು.”

“ನೋಡ್ಲಿ.”

ಮೂರನೇ ಗಂಟೆ. ಕತ್ತಲು. ಪರದೆ ಸರಿಯಿತು. ಅರಮನೆಗೆ ಬೆಳಗಾಗಬೇಕಿತ್ತು. ಬದಲಿಗೆ ವೇದಿಕೆಯ ಪಕ್ಕದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ರಾಜನ ಮೇಲೆ ಬೆಳಕು ಬಿತ್ತು. ಆಮೇಲೆ ಯಾರೂ ಇಲ್ಲದ ಮೂಲೆ ಕೆಂಪಗಾಯಿತು. ಆಮೇಲೆ ನಮ್ಮ ತಲೆಯ ಮೇಲಿನ ದೀಪಗಳು ಹತ್ತಿ ಆರಿದವು. ಜನ ನಕ್ಕರು, ಶಿಳ್ಳೆ ಹೊಡೆದರು. ಮೇಷ್ಟ್ರು ವೇದಿಕೆಗೆ ಓಡಿ ಬಂದರು.

“ಏಯ್ ಪೊರಕೆ!”

ನಾನು ಅಲುಗಾಡಲಿಲ್ಲ.

“ಏಯ್ ಹುಡುಗೀ! ಎಲ್ಲಿ ಸತ್ತೋದ್ಯೇ?”

ಆಗ ಮೇಷ್ಟ್ರು ನನ್ನ ಹೆಸರು ಹಿಡಿದು ಕೂಗಿದರು. ಪ್ರಮಾಣಪತ್ರದಲ್ಲಿ ಇರುವ ಹಾಗೆಯೇ, ಅಪ್ಪನ ಹೆಸರನ್ನೂ ಸೇರಿಸಿ, ಅಷ್ಟೂ ಜನಕ್ಕೆ ಕೇಳುವಂತೆ. “ಬಾರೇ ಬೇಗ! ನೀನಿಲ್ದೆ ಒಂದು ದೀಪಾನೂ ನೆಟ್ಟಗೆ ಹತ್ತಲ್ಲ ಕಣೇ!”

ನಾಲ್ಕನೇ ಸಾಲಿನ ಯಜಮಾನಿ ಕರಪತ್ರವನ್ನು ಕಣ್ಣಿನ ಹತ್ತಿರ ಹಿಡಿದು ಮೇಲಿಂದ ಕೆಳಗೆ ಹುಡುಕಿದರು. ಸಿಗಲಿಲ್ಲ. ಹಿಂದಕ್ಕೆ ತಿರುಗಿ ಒಂದೊಂದೇ ಸಾಲು ನೋಡತೊಡಗಿದರು.

ನಾಳೆ ಅವ್ವನ ಕೆಲಸ ಇರುತ್ತದೋ ಇಲ್ಲವೋ. ಇಪ್ಪತ್ತು ವರ್ಷದ ಅಭ್ಯಾಸ, ಮೇಷ್ಟ್ರ ದನಿ ಕೇಳಿದ್ದೇ ತಡ ಅವ್ವ ಪೊರಕೆ ಊರಿಕೊಂಡು ಏಳಹೋದಳು. ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ.

“ಕೂತ್ಕೋ ಅವ್ವ. ಇನ್ನೊಂದ್ಸಲ ಕರೀಲಿ.”