ಹೊರಳಿ ನೋಡಿದವರು

"ಇಳಸ್ರಿ, ಸಾವಕಾಶ ಇಳಸ್ರಿ. ಅರ್ಧ ಹಾದಿ ಆತು," ಎಂದ ಗುರಣ್ಣ.

ಪುಣೆ ಸ್ಟೇಷನ್ನಿನ ಎದುರು, ಬೇವಿನ ಮರದ ಬುಡದಲ್ಲಿ ಲಾಲಪ್ಪನ ಚಟ್ಟ ಇಳಿಯಿತು. ಎಪ್ಪತ್ತೆಂಟನೆಯ ಇಸವಿಯ ಡಿಸೆಂಬರಿನ ಮಂಜು ಇನ್ನೂ ಹರಿದಿರಲಿಲ್ಲ. ಟಾಂಗಾಗಳು ಅದರೊಳಗಿಂದ ನೆನಪಿನಂತೆ ಮೂಡಿ ಮತ್ತೆ ಅದರೊಳಗೇ ಕರಗುತ್ತಿದ್ದವು. ಹೆಂಗಸರು ಇಲ್ಲಿಂದ ಹಿಂದಿರುಗಬೇಕು. ಅದಕ್ಕೆ ಮೊದಲು ಹತ್ತಿರದವರೊಬ್ಬರು ಸತ್ತವನ ಕಿವಿಯಲ್ಲಿ ಮೂರು ಸಲ ಹೆಸರು ಹಿಡಿದು ಕರೆಯಬೇಕು; ಜೀವ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಓಗೊಡಲಿ ಎಂದು. ಮಗ ಕರೆಯುವುದು ವಾಡಿಕೆ. ಲಾಲಪ್ಪ ಮದುವೆಯೇ ಆಗಿರಲಿಲ್ಲ.

"ಗುಮಾಸ್ತರ, ನೀವ ಕರೀರಿ," ಎಂದಳು ಸಕ್ಕುಬಾಯಿ. "ದೀಪಾವಳಿಯಿಂದ ದಿನಾ ದವಾಖಾನಿಗೆ ಹೋದವರು ನೀವು."

"ಅವರೇನು ಕರೀತಾರ? ಅವರ ದನಿ ಅವರ ಅಂಗಿ ಗುಂಡಿಗೂ ಕೇಳಂಗಿಲ್ಲ," ಎಂದ ಗುರಣ್ಣ.

ಗುಮಾಸ್ತ ಮಲಕಪ್ಪ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. ಗುರಣ್ಣ ಹೇಳಿದ್ದು ಸುಳ್ಳಲ್ಲ. ಹಡಪಸರದ ಕಾರ್ಖಾನೆಯ ಕಚೇರಿಯಲ್ಲಿ ತಲೆ ಬಗ್ಗಿಸಿಯೇ ನೌಕರಿ ಮುಗಿಸಿದವನು ಅವನು.

*

ನಿವೃತ್ತಿಯಾದ ಮೇಲೆ ಮಲಕಪ್ಪನಿಗೆ ಬೆಳಗುಗಳು ಉದ್ದವಾಗಿದ್ದವು. ಸ್ನಾನ ಮುಗಿಸಿ ಅಂಗಿ ತೊಟ್ಟರೆ, ತೊಟ್ಟಿದ್ದು ಯಾಕೆಂದು ತಿಳಿಯುತ್ತಿರಲಿಲ್ಲ. ಹೋಗಲೊಂದು ಜಾಗವಾಯಿತಲ್ಲ ಎಂದೇ ಅವನು ಮೊದಮೊದಲು ಲಾಲಪ್ಪನಿದ್ದ ಆಸ್ಪತ್ರೆಗೆ ಹೋದದ್ದು.

ಗಾರೆ ಕೆಲಸದ ಗೌಂಡಿ ಲಾಲಪ್ಪ ಹಾಸಿಗೆ ಹಿಡಿಯುವವರೆಗೂ ದಿನವೂ ಕೆಲಸಕ್ಕೆ ಹೋಗುವ ಮುನ್ನ ಸ್ಟೇಷನ್ನಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಗುಲ್ಬರ್ಗಾ ಕಡೆಯ ಗಾಡಿ ಬಂದೊಡನೆ, "ಯಾವೂರವರ್ರೀ?" ಎಂದು ಕನ್ನಡದಲ್ಲಿ ಕೂಗು ಹಾಕುತ್ತಿದ್ದ. ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಇನ್ನೊಂದು ತಂತಿ ತಾನಾಗಿ ಮಿಡಿಯುವಂತೆ, ಹರಿಯುವ ಜನದೊಳಗೆ ಯಾರೋ ಇಬ್ಬರು ಹೊರಳುತ್ತಿದ್ದರು. ಅವರಿಗೆ ಚಹಾ ಕುಡಿಸಿ, ಗುಡಿಸಲು ತೋರಿಸಿ, ಯಾವ ಗುತ್ತಿಗೆದಾರ ನಂಬಿಗಸ್ತನೆಂದು ಹೇಳಿ ಕಳಿಸುತ್ತಿದ್ದ.

ವಾರ್ಡಿನ ಕಿಟಕಿಯಲ್ಲಿ ಗಾಡಿಯ ಸಿಳ್ಳು ಕೇಳುತ್ತಿತ್ತು.

"ಬರೋವಾಗ ಸ್ಟೇಷನ್ಯಾಗ ನೋಡಿದಿ? ಯಾರು ಬಂದಾರ?" ಎಂದು ಲಾಲಪ್ಪ ಮಲಗಿದಲ್ಲೇ ಕೇಳಿದ್ದ.

"ನೋಡಿದೆ. ನಮ್ಮವರು ಯಾರೂ ಕಾಣಲಿಲ್ಲ."

"ಲೇ ಮಲಕಪ್ಪಾ, ಊರಿನ ಹೆಸರು ಮಾರಿ ಮ್ಯಾಲ ಬರದಿರತದೇನೋ? ಒದರಬೇಕು. ಯಾರು ಹೊರಳಿ ನೋಡ್ತಾರ, ಅವರು ನಮ್ಮವರು."

"ಅಷ್ಟು ಮಂದ್ಯಾಗ ಒದರಾಕ ನನಗ ನಾಚಿಕಿ ಬರತದ."

"ನೀ ಬಂದಾಗ ನಾ ನಾಚಿದ್ದರ?"

ತಗಡಿನ ಟ್ರಂಕಿನ ಮೇಲೆ ಕೂತು, ತಿರುಗಿ ಹೋಗುವ ಗಾಡಿ ಎಷ್ಟಕ್ಕೆಂದು ಯೋಚಿಸುತ್ತಿದ್ದ ಅಂದಿನ ಹುಡುಗ, ತಾನೇ, ಆ ಕೂಗಿಗೆ ಎದ್ದು ನಿಂತದ್ದು ಮಲಕಪ್ಪನ ಕಣ್ಣೆದುರು ಬಂತು.

ಮರುದಿನ ಅವನು ಸ್ಟೇಷನ್ನಿನ ಬಾಗಿಲಲ್ಲಿ ನಿಂತ. ಬಾಯಿ ತೆರೆದ. ದನಿ ಬರಲಿಲ್ಲ. ಜನ ಹರಿದು ಹೋದರು. ಆಮೇಲೆ ದಿನವೂ ಹೀಗೇ ಆಯಿತು. ಕೊನೆಯ ಸಂಜೆ ಲಾಲಪ್ಪ ಕಣ್ಣು ಮುಚ್ಚಿಕೊಂಡೇ, "ಗಾಡಿ ಬಂತು... ಅಲ್ಲಿ ಯಾರರ ನಿಂತಾರೇನೋ?" ಎಂದಾಗ ಮಲಕಪ್ಪ ಅವನ ಕೈ ಹಿಡಿದುಕೊಂಡಿದ್ದ, ಅಷ್ಟೆ.

*

"ಲಾಲಪ್ಪ ನನ್ನ ಒದರಿದಾಗ ಕಳ್ಳ ಅಂತ ತಿಳದು ಗಂಟು ಅವಚಿ ಹಿಡದಿದ್ದೆ," ಎಂದು ಗುರಣ್ಣ ಚಟ್ಟದ ಪಕ್ಕ ನಿಂತು ಮೂಗು ಒರೆಸಿಕೊಂಡ.

"ನಿನ್ನ ಗಂಟಿನ್ಯಾಗ ಏನಿತ್ತೋ, ಒಣಗಿದ ಕಟಿರೊಟ್ಟಿ!" ಎಂದಳು ಸಕ್ಕುಬಾಯಿ. ನಗಲು ಹೋಗಿ ಅತ್ತಳು. "ಇನ್ನ ಮ್ಯಾಲ ಬರೋರನ್ನ ಯಾರು ಕೇಳತಾರಪ್ಪಾ?"

ಮಲಕಪ್ಪ ಮಂಡಿಯೂರಿ ತಣ್ಣಗಿನ ಕಿವಿಗೆ ಬಾಗಿದ.

"ಲಾಲಪ್ಪಾ." ಬರೀ ಉಸಿರು.

"ಜೋರ ಕರೀರಿ!" ಎಂದಳು ಸಕ್ಕುಬಾಯಿ.

"ಲಾಲಪ್ಪಾ..."

ಒಳಗೆಲ್ಲೋ ಗಾಡಿ ಸಿಳ್ಳು ಹಾಕಿತು. ಸ್ವಲ್ಪ ಹೊತ್ತಿಗೆ ಸ್ಟೇಷನ್ನಿನ ಬಾಗಿಲಿನಿಂದ ಜನ ಮಂಜಿನೊಳಕ್ಕೆ ಸುರಿಯತೊಡಗಿದರು. ತಲೆಗಳು, ಗಂಟುಗಳು, ಮುಖವಿಲ್ಲದ ನೆರಳುಗಳು. ಮಲಕಪ್ಪ ನೆಲಕ್ಕೆ ಕೈಯೂರಿ ಎದ್ದು ನಿಂತ. ಮೂರನೆಯ ಕರೆ ಬಾಕಿ ಇತ್ತು.

"ಯಾವೂರವರ್ರೀ...?"

ಹೆಗಲು ಕೊಡಲು ಬಗ್ಗಿದ್ದವರು ಬೆಚ್ಚಿದರು. ಮರದ ಕಾಗೆಗಳು ಎದ್ದವು. ಜನ ಹರಿಯುತ್ತಲೇ ಇದ್ದರು. ಆಚೆ, ರಸ್ತೆ ಮುಗಿದು ಮಂಜು ಶುರುವಾಗುವಲ್ಲಿ, ಕಂಕುಳಲ್ಲಿ ಕೂಸು ಹೊತ್ತ ಹೆಂಗಸೊಬ್ಬಳು ನಿಂತಳು. ಅವಳ ತಲೆಯ ಮೇಲಿನ ದೊಡ್ಡ ಗಂಟು ಮೆಲ್ಲಗೆ, ಬಹಳ ಮೆಲ್ಲಗೆ, ಇತ್ತ ಹೊರಳಿತು.